ಏಟು ಬಿದ್ದಾಗ ಚಪ್ಪಾಳೆ ತಟ್ಟಿದವಳು

"ಬಿಡೋ ಪಾಪಿ! ಬಿಡು ನನ್ನ ಕೂದಲು!"

ಚಂಡಿಯ ಕಿರುಚಾಟ ಬೀದಿಯ ತುದಿಯವರೆಗೂ ಕೇಳಿಸುತ್ತಿತ್ತು. ಕಪ್ಪು ಅಂಗಿಯ ಸಣಕಲು ಮನುಷ್ಯನೊಬ್ಬ ಅವಳ ಜಡೆಯನ್ನು ಕೈಗೆ ಸುತ್ತಿಕೊಂಡು ಮಹಡಿ ಮೆಟ್ಟಿಲಿನಿಂದ ಅಂಗಳಕ್ಕೆ ದರದರನೆ ಎಳೆದು ತರುತ್ತಿದ್ದ. ಅವನ ಇನ್ನೊಂದು ಕೈಯಲ್ಲಿ ಮೊಳದುದ್ದದ ಚಾಕು. ಬಾಗಿಲಲ್ಲಿ ನಿಂತ ಮುದುಕಿ ಬಿಡಿಸುವುದು ಬಿಟ್ಟು, "ಜೋರಾಗಿ ಎಳಿಯೋ! ಬೆಳಗ್ಗೆ ಹೊಟ್ಟೆಗೇನೂ ತಿಂದಿಲ್ವಾ?" ಎಂದು ಗದರುತ್ತಿದ್ದಳು!

ಗೇಟಿನ ಹೊರಗೆ ಫೈಲು ಹಿಡಿದು ನಿಂತಿದ್ದ ಯುವಕನಿಗೆ ಅಷ್ಟು ಸಾಕಾಯಿತು. ಫೈಲು ಬಿಸಾಕಿದ. ಗೇಟು ಹಾರಿದ. ಮೂರೇ ಹೆಜ್ಜೆಗೆ ಅಂಗಳ ದಾಟಿ ಆ ಸಣಕಲನ ಮುಖಕ್ಕೆ ಮುಷ್ಟಿ ಬಿಗಿದು ಗುದ್ದಿದ.

ಫಟ್!

ಸಣಕಲ ಕುಸಿದು ಕೂತ. ಚಾಕು ನೆಲಕ್ಕೆ ಬಿದ್ದು ಎರಡು ಸಲ ಪುಟಿಯಿತು. ರಬ್ಬರಿನದು.

"ಹೆದರಬೇಡಿ, ನಾನಿದ್ದೀನಿ..." ಎಂದು ಯುವಕ ಚಂಡಿಯ ಕಡೆ ಕೈ ಚಾಚಿದ. ಪಾಪ, ಅವನಿಗೇನು ಗೊತ್ತು! ಚಂಡಿ ಆ ಕೈಯನ್ನೇ ಹಿಡಿದು, ಗಿರಕಿ ತಿರುಗಿ, ಸೊಂಟ ಕೊಟ್ಟು, ಅವನನ್ನು ಮೂಟೆಯ ಹಾಗೆ ಹೆಗಲ ಮೇಲಿಂದ ಎತ್ತಿ ಎಸೆದಳು. ಅವನು ಹೋಗಿ ಬಿದ್ದದ್ದು ಒಂದು ಹರಿದ ಹಾಸಿಗೆಯ ಮೇಲೆ.

"ನಮ್ಮ ಮಾವನ್ನ ಹೊಡಿತೀಯಾ? ಯಾರೋ ನೀನು?"

ಅಂಗಾತ ಬಿದ್ದವನು ಆಕಾಶ ನೋಡುತ್ತಾ ಉಸಿರೆಳೆದುಕೊಂಡ. "ಹಾಸಿಗೆ ಕಂಪನಿಯಿಂದ... ಹದಿನಾಲ್ಕು ಸಲ ದೂರು ಬರೆದಿದ್ರಲ್ಲ..."

ಅಷ್ಟರಲ್ಲಿ ಒಳಗಿಂದ ಸೌಟು ಹಿಡಿದು ಓಡಿಬಂದ ಚಂಡಿಯ ಅಮ್ಮ, ಸಣಕಲನ ಮೂಗಿನಿಂದ ಸುರಿಯುತ್ತಿದ್ದ ರಕ್ತವನ್ನು ಬೆರಳಲ್ಲಿ ಒರೆಸಿ ಅಭ್ಯಾಸಬಲದಿಂದ ನಾಲಿಗೆಗೆ ಹಚ್ಚಿಕೊಂಡಳು. ಅವಳ ಮುಖ ಬಿಳಿಚಿಕೊಂಡಿತು.

"ಅಯ್ಯಯ್ಯೋ! ಇದು ಸಿಹಿ ಇಲ್ಲ ಕಣ್ರೋ! ನಿಜವಾದ ರಕ್ತ!"

ಇಲ್ಲಿ ನಿಮಗೊಂದು ಮಾತು ಹೇಳಿಬಿಡಬೇಕು. ಅದು ಫೈಟ್ ಮಾಸ್ಟರ್ ಮನೆ. ಸಿನಿಮಾದಲ್ಲಿ ನೀವು ಬಾಯಿ ಬಿಟ್ಟುಕೊಂಡು ನೋಡುವ ಹೊಡೆದಾಟ ಮೊದಲು ನಡೆಯುವುದು ಇಂಥ ಅಂಗಳಗಳಲ್ಲಿ. ಯಾರು ಯಾರನ್ನು ಹೇಗೆ ಬಡಿಯಬೇಕು ಅಂತ ಹೇಳಿಕೊಡುವ ಮಾಸ್ಟರ್ ಚಂಡಿಯ ಅಪ್ಪ. ಅಮ್ಮ ಸಕ್ಕರೆ ಪಾಕವನ್ನು ಅಚ್ಚಿಗೆ ಹೊಯ್ದು, ತಲೆಗೆ ಬಡಿದರೆ ಪುಡಿಪುಡಿಯಾಗುವ ಸೀಸೆ ಮಾಡುತ್ತಾಳೆ. ಅದೇ ಪಾಕಕ್ಕೆ ಕೆಂಪು ಬಣ್ಣ ಕಲಸಿ ರಕ್ತ ಮಾಡುತ್ತಾಳೆ. ಸಣಕಲ ಅಂದರೆ ಅಮ್ಮನ ತಮ್ಮ, ವಿಲನ್ ಮಾವ. ಪರದೆಯ ಮೇಲೆ ಅವನು ಮಾಡದ ಕೊಲೆಯಿಲ್ಲ, ಮನೆಯಲ್ಲಿ ಜಿರಲೆ ಸತ್ತರೂ ಕಣ್ಣೀರು ಹಾಕುತ್ತಾನೆ. ಎಪ್ಪತ್ತಾರರ ಅಜ್ಜಿ ಸಿನಿಮಾದ ಅಜ್ಜಿಯರ ಬದಲಿಗೆ ಮೆಟ್ಟಿಲಿನಿಂದ ಉರುಳುತ್ತಾಳೆ. ಇನ್ನು ನಮ್ಮ ಚಂಡಿ ನಾಯಕಿಯರ ಡೂಪ್. ಇಪ್ಪತ್ತನಾಲ್ಕು ವರ್ಷಕ್ಕೇ ನಲವತ್ತು ಸಲ ಕೊಲೆಯಾಗಿದ್ದಾಳೆ, ಒಂದು ಸಲವೂ ಪ್ರೀತಿಸಿಲ್ಲ.

ದಿನವಿಡೀ ಹೊಡಿ, ಬಡಿ, ಕೊಲ್ಲು ಎನ್ನುವ ಆ ಮನೆಯಲ್ಲಿ ಮೂವತ್ತು ವರ್ಷದಿಂದ ಒಬ್ಬರ ಮೈಮೇಲೂ ನಿಜವಾದ ಏಟು ಬಿದ್ದಿರಲಿಲ್ಲ. ಬಿದ್ದದ್ದು ಅವತ್ತೇ ಮೊದಲು.

ಯುವಕ ಎದ್ದು ಕೂತು ಕೈ ಜೋಡಿಸಿದ. "ಕ್ಷಮಿಸಿ... ನಾನು ಜೀವನದಲ್ಲಿ ಯಾರಿಗೂ ಹೊಡೆದೋನಲ್ಲ. ಅವರ ಕೈಯಲ್ಲಿ ಕೂದಲು ನೋಡಿದೆ, ತಲೆ ಕೆಟ್ಟುಹೋಯ್ತು."

ಮೂಗಿಗೆ ಬಟ್ಟೆ ಒತ್ತಿಕೊಂಡಿದ್ದ ಮಾವ ಕಣ್ಣು ತುಂಬಿಕೊಂಡ. "ಇರಲಿ ಬಿಡಪ್ಪ. ಇಷ್ಟು ವರ್ಷದಲ್ಲಿ ನನ್ನ ವಿಲನ್ ಪಾತ್ರ ನಿಜ ಅಂತ ನಂಬಿದೋನು ನೀನೊಬ್ಬನೇ!"

ಅಜ್ಜಿ ಮಾತ್ರ ಕೆಲಸದ ಮಾತಿಗೇ ಬಂದಳು. "ಐದು ವರ್ಷ ಗ್ಯಾರಂಟಿ ಅಂತ ಕೊಟ್ರಿ. ಹನ್ನೊಂದು ದಿನಕ್ಕೆ ಹರಿದಿದೆ ನೋಡು ನಿಮ್ಮ ಹಾಸಿಗೆ."

"ಇದರ ಮೇಲೆ ಏನು ಮಾಡಿದ್ರಿ ಅಜ್ಜಿ?"

"ದಿನಕ್ಕೆ ನಲವತ್ತು ಸಲ ಮಹಡಿಯಿಂದ ಬಿದ್ವಿ."

"ಯಾರೂ ಮಲಗಲೇ ಇಲ್ವಾ?"

"ಮಲಗೋಕೆ ನೆಲ ಇದೆಯಲ್ಲ!"

ಅವನು ನಕ್ಕುಬಿಟ್ಟ. ನಗು ಮುಖಕ್ಕೆ ಅಭ್ಯಾಸವಿಲ್ಲದವರು ನಗುವ ಹಾಗೆ, ಒಂದು ಕಡೆಯಿಂದ ಶುರುವಾಗಿ ನಿಧಾನಕ್ಕೆ ಇನ್ನೊಂದು ಕಡೆಗೆ ಹೋಯಿತು. ಅಷ್ಟಕ್ಕೇ ಚಂಡಿಯ ಎದೆಯಲ್ಲಿ ಏನೋ ಜಾರಿತು. 'ಥೂ, ಇದೇನು ನನಗೆ? ಈಗತಾನೇ ಎತ್ತಿ ಎಸೆದಿದ್ದೀನಿ ಇವನನ್ನ!'

ಅವತ್ತಿನಿಂದ ಅಜ್ಜಿ ಅವನಿಗಿಟ್ಟ ಹೆಸರು ಗ್ಯಾರಂಟಿ.

* * *

ಮಾರನೇ ದಿನ ಗ್ಯಾರಂಟಿ ಹೊಸ ಹಾಸಿಗೆ ತಂದ. ಆಮೇಲೆ ಅದು ಸರಿಯಾಗಿದೆಯಾ ನೋಡಲು ಬಂದ. ಆಮೇಲೆ ಯಾವ ನೆಪವೂ ಇಲ್ಲದೆ ಬಂದ.

ಅವನು ಯಾರು ಅಂತ ತಿಳಿದಾಗ ಚಂಡಿಗೆ ಸ್ವಲ್ಪ ಕಸಿವಿಸಿಯೇ ಆಯಿತು. ಮೂರು ಕಾರ್ಖಾನೆಗಳ ಹಾಸಿಗೆ ಸಾಹುಕಾರರ ಒಬ್ಬನೇ ಮಗ! ಆದರೆ ಕೂರಿಸಿದ್ದು ದೂರು ವಿಭಾಗದಲ್ಲಿ. "ಬೈಸಿಕೊಳ್ಳೋಕೆ ಸರಿಯಾದ ಮುಖ ಅಂತ ಅಪ್ಪ ಅಲ್ಲಿ ಕೂರಿಸಿದ್ದಾರೆ" ಎಂದು ಅವನೇ ಹೇಳಿಕೊಂಡ. ಎಲ್ಲರೂ ನಕ್ಕರು.

ಚಂಡಿ ಅವನಿಗೆ ಬೀಳುವುದನ್ನು ಕಲಿಸಿದಳು. "ಕೈ ಊರಬೇಡ, ಮೊಣಕೈ ಮುರಿಯುತ್ತೆ. ಗಲ್ಲ ಎದೆಗೆ ಒತ್ಕೋ. ಹೊಡೆಯೋರು ಮೊದಲು ನಿನ್ನ ಕಣ್ಣು ನೋಡ್ತಾರೆ. ನೀನು ಒಂದು ಸಲ ರೆಪ್ಪೆ ಮುಚ್ಚಿ ಹ್ಞೂಂ ಅನ್ನಬೇಕು. ಕೇಳದೆ ಈ ಮನೇಲಿ ಯಾರೂ ಕೈ ಎತ್ತಲ್ಲ."

"ಕೇಳಿ ಹೊಡಿತಾರಾ?" ಅವನಿಗೆ ಭಾರೀ ಆಶ್ಚರ್ಯ.

"ಮತ್ತಿನ್ನೇನು? ಆಮೇಲೆ ಚೆನ್ನಾಗಿ ಬಿದ್ದೋರಿಗೆ ಎಲ್ಲರೂ ಚಪ್ಪಾಳೆ ತಟ್ಟಬೇಕು. ಅಡುಗೆಮನೇಲಿ ಹಾಲು ಉಕ್ತಿದ್ರೂ ಸರಿ, ಬಂದು ತಟ್ಟಿ ಹೋಗಬೇಕು. ಇಲ್ಲಾಂದ್ರೆ ಬಿದ್ದೋರಿಗೆ ಬೇಜಾರಾಗುತ್ತೆ."

ಮಾಸ್ಟರ್ ಒಂದು ದಿನ ಅವನ ಮುಖದ ಮುಂದೆ ಮುಷ್ಟಿ ಬೀಸಿ ನೋಡಿ ತಲೆ ಕೆರೆದುಕೊಂಡರು. "ಏಟು ಬರ್ತಿದೆ ಅಂದ್ರೆ ಮಗು ಕೂಡ ಹಿಂದೆ ಸರಿಯುತ್ತೆ. ನೀನು ಅಲ್ಲಾಡದೆ ನಿಲ್ತೀಯಲ್ಲಪ್ಪ! ಎಲ್ಲಿ ಕಲಿತೆ?"

"ಮನೇಲಿ ಸಾರ್."

ಮತ್ತೆ ಎಲ್ಲರೂ ನಕ್ಕರು. ಎಂಥ ಗಟ್ಟಿ ಗುಂಡಿಗೆ ಇವನದು ಅಂತ ಚಂಡಿ ಹೆಮ್ಮೆಪಟ್ಟಳು. ಅಯ್ಯೋ ಹುಡುಗೀ... ಅವತ್ತೇ ಒಂದು ಗಳಿಗೆ ಯೋಚಿಸಿದ್ದರೆ!

ಆರನೇ ವಾರ, ಮಹಡಿಯಿಂದ ಇಬ್ಬರೂ ಕೈ ಹಿಡಿದು ಹಾರುವ ಪ್ರಾಕ್ಟೀಸ್. ಹಾಸಿಗೆಯ ಮೇಲೆ ಧೊಪ್ಪೆಂದು ಬಿದ್ದವರು ಉಸಿರು ಸುಧಾರಿಸಿಕೊಳ್ಳುತ್ತಿದ್ದಾಗ ಅವನು ಮಗ್ಗುಲಾದ.

"ಚಂಡಿ, ನಾನು ನಿನ್ನನ್ನ ಮದುವೆ ಆಗಲಾ?"

"ತಲೆಗೇನಾದ್ರೂ ಏಟು ಬಿತ್ತಾ?"

"ಇಲ್ಲ. ಈ ಮನೆಗೆ ಬಂದಾಗ ನನಗೆ ಹಸಿವಾಗುತ್ತೆ, ನಗು ಬರುತ್ತೆ, ಹೊರಟಾಗ ಹೊಟ್ಟೆಯಲ್ಲಿ ಸಂಕಟ ಆಗುತ್ತೆ. ಇದಕ್ಕೆ ಪ್ರೀತಿ ಅಂತಾರಲ್ವಾ?"

ಚಂಡಿಯ ಕಿವಿ ಬಿಸಿಯಾಯಿತು. ಬಾಯಿಗೆ ಬಂದ ಹೂಂ ಅನ್ನು ನುಂಗಿಕೊಂಡು, "ನಿಮ್ಮಪ್ಪನ ಹತ್ರ ಕರ್ಕೊಂಡು ಹೋಗು, ಆಮೇಲೆ ಹೇಳ್ತೀನಿ" ಎಂದಳು.

ಅವನ ಮುಖದ ನಗು ಆರಿತು. "ನೋಡೋಣ" ಎಂದ.

ಆ 'ನೋಡೋಣ' ಮೂರು ವಾರ ಎಳೆಯಿತು. ಒಂದು ಸಲ ಅಪ್ಪನಿಗೆ ಜ್ವರ, ಒಂದು ಸಲ ಮೀಟಿಂಗು, ಇನ್ನೊಂದು ಸಲ ಅಮ್ಮನಿಗೆ ಬಚ್ಚಲಲ್ಲಿ ಜಾರಿ ಕೈ ನೋವು. ಚಂಡಿಯ ತಾಳ್ಮೆ ಕಡ್ಡಿ ಮುರಿದಂತೆ ಮುರಿಯಿತು. ಅಮ್ಮ ಒಣಗಿಸಿಟ್ಟಿದ್ದ ಸಕ್ಕರೆ ಸೀಸೆಗಳನ್ನು ಒಂದೊಂದೇ ಎತ್ತಿ ಅವನ ತಲೆಗೆ, ಎದೆಗೆ, ಬೆನ್ನಿಗೆ ಬೀಸಿದಳು.

"ನಾಚಿಕೆ ನಿನಗೆ!" ಫಳಾರ್! "ನಮ್ಮಪ್ಪ ಹೊಡೆದು ಬದುಕೋನು!" ಫಳಾರ್! "ನಮ್ಮಜ್ಜಿ ಬಿದ್ದು ಬದುಕೋಳು!" ಫಳಾರ್! "ನಿಮ್ಮ ಬಂಗಲೆಗೆ ನಾವು ಒಗ್ಗಲ್ಲ ಅಂತ ಬಾಯಿ ಬಿಟ್ಟು ಹೇಳು!"

"ನಾಳೆ ಶೂಟಿಂಗಿಗೆ ಎರಡಾದ್ರೂ ಉಳಿಸೇ!" ಎಂದು ಅಮ್ಮ ಅಡುಗೆಮನೆಯಿಂದ ಕೂಗಿದಳು.

ಕೂದಲ ತುಂಬಾ ಸಕ್ಕರೆಯ ಚೂರು ಮೆತ್ತಿಕೊಂಡು ಅವನು ಅಲ್ಲಾಡದೆ ನಿಂತಿದ್ದ. "ನನಗೆ ನಾಚಿಕೆ ನಿಮ್ಮನೆ ಬಗ್ಗೆ ಅಲ್ಲ ಚಂಡಿ..." ಅಷ್ಟು ಹೇಳಿ ಮುಂದಿನದನ್ನು ನುಂಗಿಕೊಂಡ. "ಭಾನುವಾರ ಎಲ್ಲರೂ ಊಟಕ್ಕೆ ಬನ್ನಿ."

* * *

ಬಂಗಲೆಯ ಊಟದ ಕೋಣೆಯಲ್ಲಿ ಹೆಜ್ಜೆಯ ಸದ್ದೂ ಕೇಳಿಸುತ್ತಿರಲಿಲ್ಲ. ಅಷ್ಟು ದಪ್ಪ ರತ್ನಗಂಬಳಿ. ಗಾಜಿನ ಬೀರುವಿನಲ್ಲಿ ಯಾರೂ ಮುಟ್ಟದ ಪಿಂಗಾಣಿ. ಮೇಜಿನ ತಲೆಯಲ್ಲಿ ಸಾಹುಕಾರರು, ಇಸ್ತ್ರಿಯ ಗೆರೆಯೂ ಮಾಸದ ಬಿಳಿ ಅಂಗಿ. ಪಕ್ಕದಲ್ಲಿ ಗ್ಯಾರಂಟಿಯ ತಾಯಿ. ಸೆಕೆಯಲ್ಲೂ ಮಣಿಕಟ್ಟಿನವರೆಗೆ ತೋಳು ಎಳೆದುಕೊಂಡಿದ್ದ ಆಕೆ ಬಡಿಸುವಾಗ ಒಂದು ಚಮಚವೂ ಟಣ್ ಎನ್ನದಂತೆ ಇಡುತ್ತಿದ್ದರು.

ಮಾವನಿಗೆ ಬಿಕ್ಕಳಿಕೆ ಬಂತು, ಅದನ್ನೂ ತಡೆದುಕೊಂಡ.

ಕೊನೆಗೆ ಸಾಹುಕಾರರು ಬಾಯಿ ಒರೆಸಿಕೊಂಡರು. "ಹುಡುಗಿ ಸಿನಿಮಾ ಕೆಲಸ ಬಿಡಬೇಕು. ನಿಮಗೆಲ್ಲ ಬೇರೆ ಊರಲ್ಲಿ ಮನೆ ಕೊಡಿಸ್ತೀನಿ, ತಿಂಗಳು ತಿಂಗಳು ಖರ್ಚಿಗೂ ಕೊಡ್ತೀನಿ. ಈ ಕಡೆ ಬರಬಾರದು, ಅಷ್ಟೇ."

ಮಾಸ್ಟರ್ ತುತ್ತು ಕೆಳಗಿಟ್ಟರು. "ಮಗಳನ್ನ ಕೊಟ್ಟು ನಾವು ಸಂಬಳ ತಗೋಬೇಕಾ ಯಜಮಾನ್ರೇ?"

"ಅಪ್ಪಾ, ಬೇಡ" ಎಂದು ಗ್ಯಾರಂಟಿ ಎದ್ದು ನಿಂತ. "ಅವರನ್ನ ಹಾಗೆ ಮಾತಾಡಿಸಬೇಡಿ. ನನಗೆ ಈ ಆಸ್ತಿ ಏನೂ..."

ಛಟೀರ್!

ಸಾಹುಕಾರರ ಅಂಗೈ ಅವನ ಕೆನ್ನೆಗೆ ಅಪ್ಪಳಿಸಿತು. ಕುರ್ಚಿ ಸಮೇತ ಉರುಳಿದ. ತಟ್ಟೆ ಕೆಳಗೆ ಬಿದ್ದು ಚೂರಾಯಿತು. ಅವನ ತಾಯಿ ಕಣ್ಣು ತಗ್ಗಿಸಿ ತನ್ನ ತಟ್ಟೆಯನ್ನೇ ನೋಡುತ್ತಾ ಕೂತರು.

ಆಮೇಲೆ...

ಆಮೇಲೆ ಫೈಟ್ ಮಾಸ್ಟರ್ ಕುಟುಂಬಕ್ಕೆ ಕುಟುಂಬವೇ ಎದ್ದು ನಿಂತು ಚಪ್ಪಾಳೆ ತಟ್ಟಿತು!

"ಆಹಾ! ಏನು ಟೈಮಿಂಗ್!" ಅಜ್ಜಿ ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹೊಡೆದಳು. "ನಮಗೋಸ್ಕರ ಕಲಿತಿದ್ದಾರೆ ಕಣೋ! ನಮ್ಮನ್ನ ಖುಷಿಪಡಿಸೋಕೆ!" ಎಂದು ಮಾವ ಕಣ್ಣೊರೆಸಿಕೊಂಡ. ಹಿಂದಿನ ಮಾತೂ ನಾಟಕದ್ದೇ ಅಂದುಕೊಂಡ ಮಾಸ್ಟರ್ ಮುಖ ಅರಳಿಸಿ, "ಯಜಮಾನ್ರೇ, ನನ್ನನ್ನ ಎಂಥ ಏಮಾರಿಸಿದ್ರಿ!" ಎಂದರು. ಅವರ ನಾಟಕದ ಸಾಲ ತೀರಿಸುವವಳಂತೆ ಅಜ್ಜಿ ಎದೆ ಹಿಡಿದುಕೊಂಡು ಚೀರಿ, ಮೇಜಿನ ಬಟ್ಟೆ ಸಮೇತ ಧಡಾರನೆ ಉರುಳಿದಳು. ಪಾತ್ರೆ, ಲೋಟ, ಗಾಜು ಎಲ್ಲ ನೆಲದ ಪಾಲು. ಮಾವ ಮಾಸ್ಟರ ಕುತ್ತಿಗೆ ಹಿಡಿದ. ಮಾಸ್ಟರ್ ಅವನನ್ನು ಪಿಂಗಾಣಿ ಬೀರುವಿನ ಮೇಲೆ ಎಸೆದರು. ಬೀರು ಭೂಕಂಪ ಆದ ಹಾಗೆ ಸದ್ದು ಮಾಡಿತು.

ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ್ದು ಚಂಡಿ. ಅವಳಿಗೆ ಎಷ್ಟು ಖುಷಿ ಅಂದರೆ... ನಾಚಿಕೆಪಡುತ್ತಾನೆ ಅಂದುಕೊಂಡಿದ್ದವನು ಅಪ್ಪನನ್ನೇ ಒಪ್ಪಿಸಿ ಬಿದ್ದು ತೋರಿಸುತ್ತಿದ್ದಾನಲ್ಲ!

"ಇನ್ನೊಂದ್ಸಲ!" ಎಂದು ಕೂಗಿದಳು. "ಇನ್ನೊಂದ್ಸಲ ಬೀಳು!"

ಗ್ಯಾರಂಟಿ ನೆಲದಿಂದ ತಲೆಯೆತ್ತಿ ಅವಳನ್ನು ನೋಡಿದ. ತುಟಿಯ ಮೂಲೆ ಸೀಳಿತ್ತು. ಚಂಡಿಯ ಅಮ್ಮ ಮೆಚ್ಚುಗೆಯಿಂದ ಬಗ್ಗಿ, "ಯಾರು ಕಲಸಿದ್ದು? ಬಣ್ಣ ಬಹಳ ಚೆನ್ನಾಗಿ ಬಂದಿದೆ" ಎನ್ನುತ್ತಾ ಬೆರಳಿಂದ ಒರೆಸಿ ನಾಲಿಗೆಗಿಟ್ಟುಕೊಂಡಳು.

ಅವಳ ಕೈ ಗಾಳಿಯಲ್ಲೇ ನಿಂತಿತು.

"ಸಿಹಿ ಇಲ್ಲ" ಎಂದಳು. ಪಿಸುಮಾತಿನಲ್ಲಿ.

ಚಪ್ಪಾಳೆಗಳು ಒಂದೊಂದಾಗಿ ಸತ್ತವು. ಚಂಡಿಗೆ ಆಗ ಹೊಳೆಯಿತು: ಸಾಹುಕಾರರು ಹೊಡೆಯುವ ಮುಂಚೆ ಮಗನ ಕಣ್ಣು ನೋಡಿರಲೇ ಇಲ್ಲ. ಅವನು ಅಲ್ಲಾಡದೆ ನಿಲ್ಲುವುದನ್ನು ಕಲಿತದ್ದು ಎಲ್ಲಿ ಅಂತಲೂ ಆಗಲೇ ಅರ್ಥವಾಯಿತು. ಮನೇಲಿ ಸಾರ್...

"ಹೊರಗೆ" ಎಂದರು ಸಾಹುಕಾರರು. ಒಂದೇ ಮಾತು.

"ನೀನೂ ಬಾ" ಎಂದು ಚಂಡಿ ಅವನ ಕೈ ಎಳೆದಳು. ಅವನು ತಾಯಿಯ ಕಡೆ ನೋಡಿದ. ಬೆರಳು ಬಿಡಿಸಿಕೊಂಡ.

"ನೀವು ಹೋಗಿ."

* * *

ಮೂರನೇ ದಿನ ಕಂಪನಿಯ ಲಕೋಟೆ ಬಂತು. ಒಳಗೆ ಅಚ್ಚಾದ ಒಂದು ಸಾಲು: ನಿಮ್ಮ ದೂರನ್ನು ಮುಕ್ತಾಯಗೊಳಿಸಲಾಗಿದೆ. ಕೆಳಗೆ ಅವನ ರುಜು.

ಚಂಡಿ ಕಾಗದವನ್ನು ಹರಿದಳು, ಹರಿದದ್ದನ್ನು ಮತ್ತೆ ಹರಿದಳು, ಆಮೇಲೆ ನೆಲದ ಮೇಲೆ ಕೂತು ಚೂರು ಜೋಡಿಸಿ ಅವನ ರುಜು ಹುಡುಕಿದಳು. 'ಆಸ್ತಿ ಬಿಡೋಕಾಗಲಿಲ್ಲ ಅಲ್ವಾ? ಇಲ್ಲಾ, ನನ್ನ ಮುಖ ನೋಡೋಕಾಗ್ತಿಲ್ವಾ? ನಿನಗೆ ಏಟು ಬಿದ್ದಾಗ ಇನ್ನೊಂದ್ಸಲ ಅಂತ ಕೂಗಿದ ರಾಕ್ಷಸಿ ನಾನು...'

ಮನೆಯೇ ಕೆಟ್ಟುಹೋಯಿತು. ಮಾವ ಹೊಡೆಯಲು ಎತ್ತಿದ ಕೈಯನ್ನು ಹಾಗೇ ಇಳಿಸಿಬಿಡುತ್ತಿದ್ದ. ಅಜ್ಜಿ ಮೆಟ್ಟಿಲಿನ ಮೇಲೆ ಕೂತೇ ಇರುತ್ತಿದ್ದಳು. ಅಮ್ಮನ ಪಾಕ ಸೀದುಹೋಗುತ್ತಿತ್ತು. ಮಾಸ್ಟರ್ ಒಂದು ಕಪಾಳದ ಸೀನ್ ಹೇಳಿಕೊಡಲು ಹೋಗಿ ಅರ್ಧಕ್ಕೆ ನಿಲ್ಲಿಸಿ, "ಆ ಹುಡುಗನ ಮುಖ ಅಡ್ಡ ಬರುತ್ತೆ ಕಣೇ" ಎಂದು ಒಳಗೆ ಹೋದರು.

ಇಷ್ಟಾದ ಮೇಲೆ ಚಂಡಿ ಸುಮ್ಮನಿರುವ ಜಾತಿಯವಳೇ? ಮರುದಿನ ಹತ್ತು ಗಂಟೆಗೆ ದೂರು ವಿಭಾಗದ ಬಾಗಿಲನ್ನು ಕಾಲಿಂದ ಒದ್ದು ಒಳನುಗ್ಗಿದಳು.

"ಹದಿನೈದನೇ ದೂರು ಕೊಡೋಕೆ ಬಂದಿದ್ದೀನಿ!"

ಮೇಜಿನ ಹಿಂದೆ ಗ್ಯಾರಂಟಿ. ಕೆನ್ನೆ ಇನ್ನೂ ನೀಲಿ. ಅವಳು ಬೈಗುಳದ ದೊಡ್ಡ ಪಟ್ಟಿಯನ್ನೇ ಬಾಯಿಪಾಠ ಮಾಡಿಕೊಂಡು ಬಂದಿದ್ದಳು. ಆ ನೀಲಿ ನೋಡಿ ಒಂದೂ ಬಾಯಿಗೆ ಬರಲಿಲ್ಲ. ಮೇಜಿನ ಮೇಲಿದ್ದ ಫೈಲುಗಳನ್ನೆಲ್ಲ ಬಾಚಿ ಗೋಡೆಗೆ ಎಸೆದಳು.

"ಬೈಯೋ ನನ್ನನ್ನ! ಚಪ್ಪಾಳೆ ತಟ್ಟಿದ್ದೀನಿ ನಾನು! ಹೊಡಿ ಬೇಕಾದ್ರೆ! ಸುಮ್ಮನೆ ಕೂರಬೇಡ!"

"ಚಂಡಿ, ಕೂತ್ಕೋ."

"ಕೂರಲ್ಲ!"

"ನಿನ್ನ ಚಪ್ಪಾಳೆಗೆ ನನಗೆ ಕೋಪ ಇಲ್ಲ" ಎಂದ ಅವನು, ಬಹಳ ಮೆಲ್ಲಗೆ. "ನನಗೆ ಆರು ವರ್ಷ ಆದಾಗಿನಿಂದ ಆ ಮನೇಲಿ ಏಟು ಬಿದ್ದಾಗೆಲ್ಲ ಕೆಲಸದೋರು ಗೋಡೆ ನೋಡ್ತಾರೆ, ನೆಂಟರು ತಟ್ಟೆ ನೋಡ್ತಾರೆ. ಅವತ್ತು ಮೊದಲ ಸಲ ಯಾರೋ ನನ್ನನ್ನ ನೋಡಿದ್ರು. ತಪ್ಪಾಗಿ ನೋಡಿದ್ರೂ ನೋಡಿದ್ರಲ್ಲ..."

ಚಂಡಿ ಕೂತುಬಿಟ್ಟಳು. "ಹಾಗಾದ್ರೆ ಯಾಕೆ ಬರಲ್ಲ? ಈ ಕಾರ್ಖಾನೆ ಬಿಟ್ಟಿರೋಕಾಗಲ್ವಾ?"

"ಕಾರ್ಖಾನೆ ಸುಟ್ಟುಹೋಗಲಿ! ನಾನು ಹೊರಟ್ರೆ ನನ್ನ ಪಾಲಿನ ಏಟೂ ಅಮ್ಮನ ಮೇಲೆ ಬೀಳುತ್ತೆ. ಬಚ್ಚಲಲ್ಲಿ ಯಾರು ಅಷ್ಟು ಸಲ ಜಾರ್ತಾರೆ, ನೀನೇ ಹೇಳು. ನಿನ್ನನ್ನ ಇನ್ನೊಂದು ಸಲ ನೋಡಿದ್ರೆ ಅಮ್ಮನ ಇನ್ನೊಂದು ಕೈನೂ ಇರಲ್ಲ ಅಂದಿದ್ದಾರೆ ಅಪ್ಪ. ಅಮ್ಮನ್ನ ಕರೆದೆ, ಹತ್ತು ಸಲ ಕರೆದೆ. ಬರಲ್ಲ ಅಂತಾರೆ. ಅಮ್ಮನಿಗೆ ಆ ಮನೆ ಬೇಕು ಚಂಡಿ. ಆ ದೊಡ್ಡತನ ಬಿಟ್ಟು ಅವರು ಬರಲ್ಲ."

"ಹಾಗಂತ ಅವರೇ ಹೇಳಿದ್ರಾ?"

ಇಲ್ಲ ಎಂದು ಅವನು ತಲೆಯಾಡಿಸಿದ. ಚಂಡಿ ಎದ್ದೇಬಿಟ್ಟಳು.

"ಎಲ್ಲಿಗೆ? ಚಂಡಿ, ನಿಲ್ಲು!"

ನಿಂತರೆ ಅವಳು ಚಂಡಿ ಹೇಗಾದಾಳು!

* * *

ಬಂಗಲೆಯ ಅಡುಗೆಮನೆಯಲ್ಲಿ ಗ್ಯಾರಂಟಿಯ ತಾಯಿ ಒಂದೇ ಕೈಯಲ್ಲಿ ತರಕಾರಿ ಹೆಚ್ಚುತ್ತಿದ್ದರು. ಇನ್ನೊಂದು ಕೈಗೆ ಬ್ಯಾಂಡೇಜು. ಒಳನುಗ್ಗಿದ ಹುಡುಗಿಯನ್ನು ನೋಡಿ ಬೆಚ್ಚಿದರು.

"ಅವರು ಬರೋ ಹೊತ್ತಾಯ್ತಮ್ಮ. ಹೋಗಿಬಿಡು."

"ಒಂದೇ ಮಾತು ಹೇಳಿ. ಮಗ ಕರೆದ್ರೂ ನೀವು ಯಾಕೆ ಹೋಗಲ್ಲ?"

ಆಕೆಯ ಕೈಯಲ್ಲಿದ್ದ ಚೂರಿ ನಿಂತಿತು. "ಹೋದ್ರೆ ಅವನ ಗತಿ? ಅವನಿಗೊಂದು ರೂಪಾಯಿ ಕೊಡಲ್ಲ ಅಂದಿದ್ದಾರೆ. ಅವನು ಹುಟ್ಟಿದಾಗಿನಿಂದ ಈ ಸುಖದಲ್ಲೇ ಬೆಳೆದೋನು. ನನ್ನ ಮೈ ನೋವಿಗೆ ಅವನ ಆಸ್ತಿ ಯಾಕೆ ಹಾಳು ಮಾಡಲಿ? ಅವನಿಗೋಸ್ಕರ ಇದ್ದೀನಿ ಕಣಮ್ಮ."

ಚಂಡಿ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡಳು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡೂ ಒಟ್ಟಿಗೇ ಬಂತು.

"ಅಯ್ಯೋ ಅಮ್ಮಾ! ಅವನು ನಿಮಗೋಸ್ಕರ ಇಲ್ಲಿ ಏಟು ತಿಂತಿದ್ದಾನೆ, ನೀವು ಅವನಿಗೋಸ್ಕರ ತಿಂತಿದ್ದೀರಿ! ನಿಮಗೆ ಈ ಮನೆ ಬೇಕು ಅಂತ ಅವನು, ಅವನಿಗೆ ಬೇಕು ಅಂತ ನೀವು! ಇದು ಇಬ್ಬರಿಗೂ ಬೇಡ ಕಣ್ರೀ! ಯಾರಿಗೂ ಬೇಡದ ಮನೇಲಿ ಇಷ್ಟು ವರ್ಷ..."

ಆ ತಾಯಿ ನಿಂತಲ್ಲೇ ಬಿಳಿಚಿಕೊಂಡಿದ್ದರು. "ಅವನಿಗೆ ಬೇಡ್ವಾ?" ಎಂದು ಕೇಳಿದರು. ಇನ್ನೊಂದು ಸಲ ಕೇಳಿದರು.

"ಏನು ನಡೀತಿದೆ ಇಲ್ಲಿ?"

ಬಾಗಿಲಲ್ಲಿ ಸಾಹುಕಾರರು. ಆಫೀಸಿನಿಂದ ಯಾರೋ ಫೋನು ಮಾಡಿದ್ದರು. ಅವರು ಚಂಡಿಯನ್ನು ನೋಡಲೂ ಇಲ್ಲ. ನೇರ ಹೆಂಡತಿಯ ಹತ್ತಿರ ಹೋಗಿ ಕೈ ಎತ್ತಿದರು. "ಬೀದಿಯವರನ್ನ ಒಳಗೆ ಬಿಟ್ಕೊತೀಯಾ?"

ಚಂಡಿ ನಡುವೆ ಹಾರಿದಳು.

ಛಟೀರ್!

ಕಿವಿಯಲ್ಲಿ ಗುಂಯ್ ಎಂದಿತು. ಗೋಡೆ ಬಂದು ಭುಜಕ್ಕೆ ಬಡಿಯಿತು. ಗಲ್ಲ ಎದೆಗೆ ಒತ್ತಿಕೊಳ್ಳುವುದು ಮರೆತಳು, ಕೈ ಊರಿದಳು, ಮೊಣಕೈಯಲ್ಲಿ ಬೆಂಕಿ ಹತ್ತಿದಂತಾಯಿತು. ಜೀವಮಾನವೆಲ್ಲ ಬಿದ್ದವಳು ಅವತ್ತು ಬೀಳುವುದಕ್ಕೇ ಬಾರದವಳಂತೆ ಬಿದ್ದಳು. ಬಾಯಲ್ಲಿ ಉಪ್ಪುಪ್ಪು ರುಚಿ. 'ಇದಾ ಅದು? ಆರು ವರ್ಷದ ಮಗುವಿನ ಬಾಯಲ್ಲಿ ಇದಾ ಇದ್ದದ್ದು?' ಕೆನ್ನೆಯ ನೋವಿಗಲ್ಲ, ಆ ಯೋಚನೆಗೆ ಅವಳ ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯಿತು.

ಸಾಹುಕಾರರ ಕೈ ಮತ್ತೆ ಮೇಲೆದ್ದಿತ್ತು. ಕೆಳಗೆ ಬರಲಿಲ್ಲ.

ಓಡಿಬಂದು ಏದುಸಿರು ಬಿಡುತ್ತಿದ್ದ ಗ್ಯಾರಂಟಿ ಅಪ್ಪನ ಮಣಿಕಟ್ಟು ಹಿಡಿದಿದ್ದ.

"ಸಾಕು ಅಪ್ಪ."

"ಬಿಡೋ ಕೈ!"

"ಬಿಡಲ್ಲ."

ಆಮೇಲೆ ನಡೆದದ್ದು ಪರದೆಯ ಮೇಲೆ ಚೆನ್ನಾಗಿ ಕಾಣುವ ಹೊಡೆದಾಟವಲ್ಲ. ಅಪ್ಪ ಮಗ ಇಬ್ಬರೂ ಒಬ್ಬರ ಅಂಗಿ ಒಬ್ಬರು ಹಿಡಿದು ಬಾಗಿಲಿಗೆ, ಮೇಜಿಗೆ, ಗೋಡೆಗೆ ಬಡಿದುಕೊಳ್ಳುತ್ತಾ ನಡುಮನೆಯವರೆಗೆ ಉರುಳಾಡಿದರು. ಕನ್ನಡಿ ಒಡೆಯಿತು. ಹೂದಾನಿ ಎತ್ತಿಕೊಂಡ ಸಾಹುಕಾರರು ಮಗನ ತಲೆಗೆ ಗುರಿಯಿಟ್ಟಾಗ, ಹಿಂದಿನಿಂದ ಬಂದ ಚಂಡಿ ನೋವಿಲ್ಲದ ಕೈಯಲ್ಲಿ ಅವರ ಸೊಂಟಪಟ್ಟಿ ಹಿಡಿದು, ಹಲ್ಲು ಕಚ್ಚಿ, ಒಂದೇ ಎಳೆತಕ್ಕೆ ಮಗ್ಗುಲಿಗೆ ತಿರುಗಿಸಿ ಬಿಟ್ಟಳು. ಮೂರು ಕಾರ್ಖಾನೆಗಳ ಒಡೆಯರು ಒಂದು ಸುತ್ತು ತಿರುಗಿ ಅವರದೇ ಕಂಪನಿಯ ಅತಿ ಮೆತ್ತನೆಯ ಸೋಫಾದಲ್ಲಿ ಕಾಲು ಮೇಲಾಗಿ ಹೂತುಹೋದರು. ಎಷ್ಟು ಒದ್ದಾಡಿದರೂ ಬೇಗ ಏಳಲಾಗಲಿಲ್ಲ; ಅಷ್ಟು ಒಳ್ಳೆಯ ಸೋಫಾ!

"ಅಮ್ಮಾ" ಎಂದ ಗ್ಯಾರಂಟಿ, ತಾಯಿಯ ಕಡೆ ತಿರುಗಿ. "ನನಗೆ ಇದು ಯಾವುದೂ ಬೇಡ. ಯಾವತ್ತೂ ಬೇಕಿರಲಿಲ್ಲ."

"ನನ್ನ ಹತ್ರ ಯಾಕೋ ಹೇಳಲಿಲ್ಲ?"

"ನೀನು ಕೇಳಲಿಲ್ಲವಲ್ಲಮ್ಮ."

ಸೋಫಾದೊಳಗಿಂದ ಸಾಹುಕಾರರು ಗುಡುಗಿದರು. "ಹೊಸಿಲು ದಾಟಿದ್ರೆ ನಿಮಗೆ ಈ ಮನೆಯಿಂದ ಒಂದು ತಲೆದಿಂಬೂ ಸಿಗಲ್ಲ!"

ಗ್ಯಾರಂಟಿಯ ತಾಯಿ ಗಂಡನ ಎದುರು ಹೋಗಿ ನಿಂತರು. ತೋಳು ಮೇಲಕ್ಕೆ ಸರಿಸಿದರು. ಹಳೆಯದು, ಹೊಸದು, ಹಳದಿ, ನೀಲಿ... ಚಂಡಿಗೆ ನೋಡಲಾಗಲಿಲ್ಲ, ಆದರೂ ನೋಡಿದಳು.

"ಬೇಡ" ಎಂದರು ಆಕೆ. "ಇಪ್ಪತ್ತೆಂಟು ವರ್ಷ ಈ ಊರಲ್ಲೇ ಎಲ್ಲಕ್ಕಿಂತ ಒಳ್ಳೆ ಹಾಸಿಗೆ ಮೇಲೆ ಮಲಗಿದ್ದೀನಿ. ಒಂದು ದಿನ ನಿದ್ದೆ ಬಂದಿಲ್ಲ."

ಅಷ್ಟು ಹೇಳಿ ಒಲೆ ಆರಿಸಿ ಬಂದು ಹೊಸಿಲು ದಾಟಿದರು.

* * *

ನಡುಮಧ್ಯಾಹ್ನದ ಬಸ್ಸು ಖಾಲಿಯಿತ್ತು. ಮುಂದಿನ ಸೀಟಿನಲ್ಲಿ ಕಿಟಕಿಗೆ ತಲೆಯಾನಿಸಿದ ತಾಯಿ ಮೂರನೇ ನಿಲ್ದಾಣ ಬರುವ ಮುಂಚೆಯೇ ನಿದ್ದೆ ಹೋಗಿದ್ದರು. ಗುಂಡಿಗೆ ಬಿದ್ದು ಬಸ್ಸು ಎಗರಿದರೂ ಎಚ್ಚರವಾಗಲಿಲ್ಲ.

ಹಿಂದಿನ ಸೀಟಿನಲ್ಲಿ ಇವರಿಬ್ಬರು. ಅವನ ಅಂಗಿ ಹರಿದಿತ್ತು, ಅವಳ ಕೆನ್ನೆ ಊದಿತ್ತು. ಟಿಕೆಟು ಕೊಟ್ಟ ಕಂಡಕ್ಟರ್ ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿ, ಏನೂ ಕೇಳದೆ ಮುಂದೆ ಹೋದ.

"ಚಂಡಿ, ನನ್ನ ಹತ್ರ ಈಗ ಏನೂ ಇಲ್ಲ. ಮನೆ ಇಲ್ಲ, ಕೆಲಸ ಇಲ್ಲ. ಬಸ್ಸಿನ ದುಡ್ಡು ಕೂಡ ನಿನ್ನದೇ."

"ನಮ್ಮನೇಲಿ ಬೀಳೋ ಕೆಲಸ ಬೇಕಾದಷ್ಟಿದೆ. ನಿಮ್ಮಮ್ಮ ಬಂದ್ರೆ ಅಜ್ಜಿಗೆ ಬೈಯೋಕೊಬ್ಬರು ಸಿಕ್ಕಿದ ಹಾಗಾಯ್ತು. ಇನ್ನೇನು ಬೇಕು?"

ಅವನು ನಗಲು ಹೋದ. ನಗು ಒಂದು ಕಡೆಯಿಂದ ಶುರುವಾಯಿತು, ಇನ್ನೊಂದು ಕಡೆ ತಲುಪಲಿಲ್ಲ. ಇಪ್ಪತ್ತು ವರ್ಷದಿಂದ ಅಲ್ಲಾಡದೆ ನಿಂತವನು ಬಸ್ಸಿನ ಸೀಟಿನಲ್ಲಿ ಮುಖ ಮುಚ್ಚಿಕೊಂಡು ಗಳಗಳನೆ ಅತ್ತುಬಿಟ್ಟ.

ಚಂಡಿಗೆ ಕೈಕಾಲೇ ಆಡಲಿಲ್ಲ. ಮನುಷ್ಯನನ್ನು ಹಿಡಿಯುವ ಮೂವತ್ತೆರಡು ಪಟ್ಟು ಅವಳಿಗೆ ಗೊತ್ತು: ಕುತ್ತಿಗೆ ಪಟ್ಟು, ಸೊಂಟದ ಪಟ್ಟು, ಕೂದಲಿನದು. ಎಲ್ಲವೂ ಕೆಡವುವುದಕ್ಕೆ. ಅಳುತ್ತಿರುವವನನ್ನು ಹಿಡಿಯಲು ಅದರಲ್ಲಿ ಒಂದೂ ಇರಲಿಲ್ಲ. ಊದಿದ ಮೊಣಕೈಯನ್ನು ಎತ್ತಿದಳು, ಎಲ್ಲಿಡುವುದು ತಿಳಿಯದೆ ಕೆಳಗಿಳಿಸಿದಳು.

"ಏಯ್... ನನಗೆ ಯಾರನ್ನೂ ಮೆಲ್ಲಗೆ ಹಿಡ್ಕೊಳ್ಳೋಕೆ ಬರಲ್ಲ ಕಣೋ" ಎಂದಳು, ಅಳು ಬಂದು. "ನೋವಾಗಿಬಿಟ್ರೆ?"

ಅವನು ಮುಖ ಒರೆಸಿಕೊಂಡ. "ನನಗೂ ಗೊತ್ತಿಲ್ಲ. ನನ್ನನ್ನ ಯಾರೂ ಹಿಡ್ಕೊಂಡಿಲ್ಲ."

"ಹಾಗಾದ್ರೆ?"

"ಹೇಗೋ ಹಿಡ್ಕೋ. ತಪ್ಪಾದ್ರೆ ಹೇಳ್ತೀನಿ."

ಅವಳು ಅಂಜುತ್ತಾ ತೋಳು ಚಾಚಿ, ಒಡೆಯುವ ವಸ್ತುವನ್ನು ಎತ್ತಿಕೊಳ್ಳುವವಳಂತೆ, ಅವನ ತಲೆಯನ್ನು ತನ್ನ ಭುಜಕ್ಕೆ ಆನಿಸಿಕೊಂಡಳು.

"ಬಿಗಿಯಾಯ್ತಾ?"

"ಇಲ್ಲ."

"ಸಡಿಲ ಮಾಡಲಾ?"

"ಬೇಡ ಚಂಡಿ. ಹೀಗೇ ಇರು."

ಅವರು ಇಳಿಯಬೇಕಾದ ನಿಲ್ದಾಣ ಬಂತು, ಹೋಯಿತು. ಇಬ್ಬರೂ ಏಳಲಿಲ್ಲ.